ಹದಿಮೂರನೆಯ ಗಂಟು

ಆಕೆಯ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಆಸ್ಪತ್ರೆಯ ನೆಲಮಹಡಿಯ ಲ್ಯಾಬಿನಲ್ಲಿ ಎಲ್ಲರಿಗೂ ಆಕೆ ಬೆರಳಮ್ಮ. ಕೆಲಸಕ್ಕೆ ಸೇರಿದ್ದು ಗಾಜಿನ ಸೀಸೆ ತೊಳೆಯುವುದಕ್ಕೆ. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಆಗಿನ ದೊಡ್ಡ ಡಾಕ್ಟರು ಒಂದು ತಟ್ಟೆ ಮುಂದಿಟ್ಟುಕೊಂಡು ಅರ್ಧ ಗಂಟೆಯಿಂದ ಏನನ್ನೋ ತಡಕಾಡುತ್ತಿದ್ದರು. ಸಿಗದೆ ಸಿಡಿಮಿಡಿಗೊಂಡು, ಪಕ್ಕದಲ್ಲಿ ನಿಂತಿದ್ದವಳಿಗೆ, "ನೀನಾದ್ರೂ ನೋಡಮ್ಮ, ನನ್ನ ಕೈಗಂತೂ ಏನೂ ಹತ್ತುತ್ತಿಲ್ಲ" ಎಂದು ತಮಾಷೆಗೆ ಹೇಳಿದರು. ಆಕೆ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಗ್ಲೌಸ್ ಹಾಕಿಕೊಂಡು ಐದೇ ನಿಮಿಷದಲ್ಲಿ ನಾಲ್ಕು ಕಾಳು ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಮಾರನೆಯ ವಾರದಿಂದ ಸೀಸೆ ತೊಳೆಯಲು ಬೇರೆಯವರು ಬಂದರು.

ಆ ಕಾಳು ಏನೆಂದು ಹೇಳದೆ ಮುಂದೆ ಹೋದರೆ ಕಥೆ ಅರ್ಥವಾಗುವುದಿಲ್ಲ. ಕ್ಯಾನ್ಸರ್ ಗಡ್ಡೆಯನ್ನು ಕತ್ತರಿಸಿ ತೆಗೆಯುವಾಗ ಅದರ ಸುತ್ತಲಿನ ಕೊಬ್ಬನ್ನೂ ಸೇರಿಸಿ ತೆಗೆಯುತ್ತಾರೆ. ಆ ಕೊಬ್ಬಿನೊಳಗೆ ದುಗ್ಧರಸ ಗ್ರಂಥಿಗಳು ಅಡಗಿರುತ್ತವೆ. ಲ್ಯಾಬಿನವರು ಅವನ್ನು ಗಂಟು ಎಂದೇ ಕರೆಯುವುದು. ಕೆಲವು ಬಟಾಣಿಯಷ್ಟಿದ್ದರೆ ಕೆಲವು ಸಾಸಿವೆಯಷ್ಟು. ರೋಗ ಇದ್ದ ಜಾಗ ಬಿಟ್ಟು ಹೊರಟಿದೆಯೇ ಎಂದು ತಿಳಿಯಬೇಕಾದರೆ ಮೊದಲು ಈ ಗಂಟುಗಳನ್ನು ನೋಡಬೇಕು, ಏಕೆಂದರೆ ಹೊರಟದ್ದು ಸಾಮಾನ್ಯವಾಗಿ ಮೊದಲು ತಂಗುವುದು ಇಲ್ಲೇ. ಕೊಬ್ಬಿನ ಬಣ್ಣ ಒಂದೇ, ಗಂಟಿನ ಬಣ್ಣವೂ ಹೆಚ್ಚು ಕಡಿಮೆ ಅದೇ. ಕಣ್ಣು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೊಬ್ಬನ್ನು ತೆಳುವಾಗಿ ಸೀಳಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಮೆಲ್ಲಗೆ ಒತ್ತುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಕಾಳೊಂದು ಬೆರಳ ಕೆಳಗೆ ಜಾರುತ್ತದೆ. ಜಾರಿದ್ದನ್ನು ಬಿಡದೆ ಹಿಡಿಯಬೇಕು.

ದೊಡ್ಡ ಕರುಳಿನ ಗಡ್ಡೆಯಾದರೆ ಕಡಿಮೆಯೆಂದರೂ ಹನ್ನೆರಡು ಗಂಟು ನೋಡಿರಬೇಕು ಎಂಬುದು ಡಾಕ್ಟರುಗಳ ಕಟ್ಟಳೆ. ಅದಕ್ಕಿಂತ ಕಡಿಮೆ ನೋಡಿ 'ಎಲ್ಲ ಶುದ್ಧವಾಗಿದೆ' ಎಂದರೆ ಆ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಕಲಿಯಲು ಬಂದ ಡಾಕ್ಟರುಗಳು ಹನ್ನೆರಡು ಸಿಕ್ಕ ತಕ್ಷಣ ಗ್ಲೌಸ್ ಕಳಚಿ ಕಾಫಿಗೆ ಎದ್ದುಬಿಡುತ್ತಿದ್ದರು. ಬೆರಳಮ್ಮನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. "ಹನ್ನೆರಡು ಅಂದ್ರೆ ಕನಿಷ್ಠ ಅಂತ ಪುಸ್ತಕದಲ್ಲಿ ಬರ್ದಿದೆ, ಸಾಕು ಅಂತ ಬರ್ದಿಲ್ಲ. ಕೂತ್ಕೊಳ್ಳಿ. ಕೊಬ್ಬು ಮುಗಿಯೋ ತನಕ ಕೈ ತೆಗೆಯೋ ಹಾಗಿಲ್ಲ" ಎಂದು ಗದರುತ್ತಿದ್ದಳು. ಈಗಿನ ಲ್ಯಾಬಿನ ಡಾಕ್ಟರು ಕೂಡ ಆ ಗದರಿಕೆ ತಿಂದು ಬೆಳೆದವರೇ. ಆಕೆ ಹತ್ತೊಂಬತ್ತು, ಇಪ್ಪತ್ತಮೂರು ತೆಗೆದ ದಿನಗಳಿದ್ದವು. ಒಮ್ಮೆ ಮೂವತ್ತೆಂಟು ತೆಗೆದಿದ್ದಳು.

ಇಂಥ ಬೆರಳಮ್ಮ ಒಂದು ಮಂಗಳವಾರ ಹನ್ನೆರಡಕ್ಕೆ ಕೈ ತೊಳೆದುಕೊಂಡಳು.

ಅದು ಆಕೆಯ ಸ್ವಂತ ಅಕ್ಕನ ಕರುಳು. ಅಕ್ಕನಿಗೆ ಅರವತ್ತಮೂರು, ಇವಳಿಗಿಂತ ಆರು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡಾಗ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು, ತಂಗಿಯನ್ನು ಮಾತ್ರ ಹತ್ತನೆಯ ತರಗತಿಯ ತನಕ ಎಳೆದು ತಂದಳು. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ, ಕೆಲಸ ಮಾತ್ರ ಅಚ್ಚುಕಟ್ಟು. ಕೋಟು ಹೊಲಿಯುವುದರಲ್ಲಿ ಆ ಬೀದಿಗೆ ಅವಳನ್ನು ಬಿಟ್ಟರಿಲ್ಲ. ಗುಂಡಿ ಹಾಕುವ ಕಾಜಾಗಳನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿಯುವವಳು ಅವಳೊಬ್ಬಳೇ ಉಳಿದಿದ್ದಳು. ಭಾವ ಅದೇ ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಹಾಕುತ್ತ, ದಿನಕ್ಕೆ ಹತ್ತು ಸಲ ಹೆಂಡತಿಯ ಕೈಲಿ ಬೈಸಿಕೊಂಡು ಸುಖವಾಗಿದ್ದರು.

ಅಕ್ಕನಿಗೆ ಸುಸ್ತು ಶುರುವಾಗಿ, ಮಲದಲ್ಲಿ ರಕ್ತ ಕಂಡು, ಒಳಗೆ ಗಡ್ಡೆ ಇದೆಯೆಂದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಸ್ಕ್ಯಾನಿನಲ್ಲಿ ಪಿತ್ತಜನಕಾಂಗ, ಶ್ವಾಸಕೋಶ ಎರಡೂ ಚೆನ್ನಾಗಿದ್ದವು. ಶಸ್ತ್ರಕ್ರಿಯೆಗೆ ಮುಂಚೆ ಸರ್ಜನ್ ಅಕ್ಕತಂಗಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಗಂಟುಗಳಿಗೆ ಹೋಗಿಲ್ಲ ಅಂದ್ರೆ ಬಹುಶಃ ಎರಡನೇ ಹಂತ. ಹೆಚ್ಚಿನವರಿಗೆ ಆಮೇಲೆ ಔಷಧಿ ಬೇಕಾಗಲ್ಲ. ಹೋಗಿದ್ರೆ ಮೂರನೇ ಹಂತ. ಆರು ತಿಂಗಳು ಕೀಮೋ ಕೊಡ್ಬೇಕಾಗುತ್ತೆ. ಆ ಔಷಧೀಲಿ ಕೆಲವರಿಗೆ ಬೆರಳ ತುದಿ ಜೋಮು ಹಿಡಿಯುತ್ತೆ. ಕೆಲವರಿಗೆ ಅದು ಪೂರ್ತಿ ಹೋಗಲ್ಲ."

ಅಷ್ಟು ಮಾತಿನಲ್ಲಿ ಅಕ್ಕನ ಕಿವಿಗೆ ಬಿದ್ದದ್ದು ಕೊನೆಯದೊಂದೇ. "ಬೆರಳು ಜೋಮು ಹಿಡಿದ್ರೆ ಕಾಜಾ ಯಾರು ಹೊಲೀತಾರೆ, ನೀವು ಬಂದು ಹೊಲೀತೀರಾ?" ಎಂದು ಸರ್ಜನ್‌ರನ್ನೇ ಕೇಳಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು ತಂಗಿಗೆ ಮೆಲ್ಲಗೆ, "ಎರಡನೇದೇ ಆಗ್ಲಿ ಕಣೇ. ಸೂಜಿ ಹಿಡಿದಿದ್ದು ಗೊತ್ತಾಗದಿದ್ರೆ ನಾನು ಬದುಕಿ ಮಾಡೋದೇನು" ಅಂದಳು. ಅಕ್ಕ ಮೆಲ್ಲಗೆ ಮಾತಾಡಿದ್ದನ್ನು ಬೆರಳಮ್ಮ ಅಷ್ಟರ ತನಕ ಕೇಳಿರಲಿಲ್ಲ.

ನಂಟರಿಂದ ತೆಗೆದದ್ದು ಲ್ಯಾಬಿಗೆ ಬಂದರೆ ಮುಟ್ಟದೆ ಬೇರೆಯವರಿಗೆ ಒಪ್ಪಿಸಬೇಕು ಎಂಬುದು ಅಲ್ಲಿಯ ನಿಯಮ. ಬೆರಳಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಶಸ್ತ್ರಕ್ರಿಯೆಯ ದಿನ ರಜೆ ಹಾಕಿದಾಗಲೂ 'ಮನೆಯಲ್ಲಿ ಕೆಲಸವಿದೆ' ಎಂದಷ್ಟೇ ಹೇಳಿದ್ದಳು. ಬೇರೆಯವರು ಹನ್ನೆರಡಕ್ಕೆ ಎದ್ದುಬಿಡುತ್ತಾರೆ, ಅಕ್ಕನದನ್ನು ಅವರ ಕೈಗೆ ಕೊಡುವುದಾದರೂ ಹೇಗೆ ಎಂಬುದು ಆಕೆಯ ತರ್ಕ. ನಗಬೇಡಿ, ಆಕೆ ನಿಜಕ್ಕೂ ಹಾಗೇ ಯೋಚಿಸಿದ್ದಳು.

ಡಾಕ್ಟರು ಗಡ್ಡೆಯನ್ನು ಅಳೆದು, ಬೇಕಾದ ಚೂರುಗಳನ್ನು ಕತ್ತರಿಸಿಕೊಂಡು, ಕೊಬ್ಬನ್ನು ಎಂದಿನಂತೆ ಬೆರಳಮ್ಮನಿಗೆ ಬಿಟ್ಟರು. ಆಕೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಶುರುಮಾಡಿದಳು. ಗಡ್ಡೆಯ ಹತ್ತಿರ ಐದು ಸಿಕ್ಕವು, ಅಲ್ಲಿಂದ ಮೇಲೆ ನಾಲ್ಕು, ಮತ್ತೆ ಮೂರು. ಎಲ್ಲವೂ ಮೆದು, ಸಣ್ಣ, ಬೆರಳ ಕೆಳಗೆ ಜಾರುವಂಥವು. ಒಂದೊಂದನ್ನೂ ಜಾಲರಿಯಂಥ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕುತ್ತ ಹೋದಂತೆ ಆಕೆಯ ಎದೆ ಹಗುರವಾಗುತ್ತ ಬಂತು. ಉಳಿದದ್ದು ಅಂಗೈಯಗಲದ ಕೊಬ್ಬು. ಸರ್ಜನ್ ರಕ್ತನಾಳಕ್ಕೆ ದಾರ ಕಟ್ಟಿದ ಕಡೆಯದು. ಅಲ್ಲಿ ಬೆರಳಿಟ್ಟಾಗ ಏನೋ ತಗುಲಿತು. ಅದು ಜಾರಲಿಲ್ಲ. ಗಟ್ಟಿಯಾಗಿ ಇದ್ದಲ್ಲೇ ಇತ್ತು. ರೋಗ ಹೊಕ್ಕ ಗಂಟು ಸಾಮಾನ್ಯವಾಗಿ ಹಾಗೇ ಇರುತ್ತದೆ.

ಕೈ ತಾನಾಗಿ ಹಿಂದಕ್ಕೆ ಬಂತು. 'ಕೊಬ್ಬೇ ಗಟ್ಟಿಯಾಗಿರಬೇಕು, ದಾರದ ಗಂಟಿರಬೇಕು' ಎಂದು ಮನಸ್ಸು ಹೇಳಿತು. ಮೂವತ್ತೊಂದು ವರ್ಷ ಯಾರ ಮನಸ್ಸಿನ ಮಾತನ್ನೂ ಕೇಳದೆ ಬೆರಳಿನ ಮಾತನ್ನೇ ಕೇಳಿದವಳು ಆವತ್ತು ಮನಸ್ಸಿನ ಮಾತು ಕೇಳಿದಳು. ಉಳಿದ ಕೊಬ್ಬನ್ನು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ, ಕಪಾಟಿನಲ್ಲಿಟ್ಟಳು. ಪುಸ್ತಕದಲ್ಲಿ 'ಗಂಟು: ೧೨' ಎಂದು ಬರೆದಳು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಶುಕ್ರವಾರ ವರದಿ ಬಂತು. ಹನ್ನೆರಡರಲ್ಲಿ ಸೊನ್ನೆ. ಎರಡನೆಯ ಹಂತ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು, ಔಷಧಿ ಬೇಡ ಎಂದು ಸರ್ಜನ್ ಹೇಳಿದರು. ಭಾವ ಅಂಗಡಿಯ ಮುಂದೆ ನಿಂತು ಹೋಗಿಬರುವವರಿಗೆಲ್ಲ ಸುದ್ದಿ ಹಂಚಿದರು. ಗುರುತಿಲ್ಲದವರಿಗೂ ಹೇಳಿದರಂತೆ.

ಭಾನುವಾರ ಬೆರಳಮ್ಮ ಹೋದಾಗ ಅಕ್ಕ ಹೊಟ್ಟೆಗೆ ದಿಂಬು ಆನಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಹೊಲಿಗೆ ಯಂತ್ರ ತುಳಿಯುವ ಹಾಗಿರಲಿಲ್ಲ, ಬಾಯಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ.

"ಮದುವೆಗೆ ವಾದ್ಯ ಊದೋರು ಬಂದಿದ್ರು," ಅಂದಳು. "ಹದಿನೆಂಟು ಕೋಟಂತೆ. ನಾಲ್ಕು ತಿಂಗಳು ಟೈಮ್ ಕೇಳಿ ಒಪ್ಕೊಂಡೆ. ಒಂದೊಂದಕ್ಕೆ ಏಳು ಕಾಜಾ. ಎಲ್ಲಾ ಕೈಯಲ್ಲೇ."

"ಈಗಲೇ ಯಾಕಕ್ಕ ಒಪ್ಕೊಂಡೆ?"

"ಬೆರಳು ಉಳೀತಲ್ಲ, ಅದಕ್ಕೆ." ಅಕ್ಕ ವರದಿಯ ಹಾಳೆ ಚಾಚಿದಳು. "ಇದನ್ನ ಓದಿ ಹೇಳು. ನಿಮ್ಮ ಭಾವ ಹೇಳಿದ್ರೆ ಅವರಿಗೂ ಅರ್ಥ ಆಗಲ್ಲ, ನನಗೂ ಅರ್ಥ ಆಗಲ್ಲ. ಈ ಟಿ, ಎನ್, ಎಂ ಅಂದ್ರೇನು?"

ಮೂಲೆಯಲ್ಲಿ ಭಾವ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ತಾವೂ ಕಿವಿಗೊಟ್ಟರು. ಬೆರಳಮ್ಮ ಹೇಳಿದಳು. "ಟಿ ಅಂದ್ರೆ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು. ಕರುಳಿಗೆ ಪದರ ಪದರ ಇರುತ್ತೆ. ನಿನ್ನದು ಒಳಗಿನ ಪದರ ದಾಟಿ, ಸ್ನಾಯು ದಾಟಿ ಬಂದಿದೆ. ಎಲ್ಲಕ್ಕಿಂತ ಹೊರಗಿನ ಪೊರೆ ಒಡೆದಿಲ್ಲ. ಅದಕ್ಕೆ ಟಿ ಮೂರು."

"ಅಸ್ತರು ದಾಟಿ, ಕ್ಯಾನ್ವಾಸ್ ದಾಟಿ, ಮೇಲಿನ ಬಟ್ಟೆ ಹರಿದಿಲ್ಲ. ಸರಿ, ಮುಂದೆ."

"ಎಂ ಅಂದ್ರೆ ದೂರ ಹೋಗಿದೆಯಾ ಅಂತ. ಲಿವರ್ರು, ಶ್ವಾಸಕೋಶ. ಸ್ಕ್ಯಾನಲ್ಲಿ ಅಲ್ಲೆಲ್ಲ ಏನೂ ಕಂಡಿಲ್ಲ. ಅದಕ್ಕೆ ಸೊನ್ನೆ."

"ನಡುವಿಂದು ಬಿಟ್ಯಲ್ಲ. ಎನ್."

"ಎನ್ ಅಂದ್ರೆ ಗಂಟು," ಎಂದು ಬೆರಳಮ್ಮ ಹಾಳೆ ನೋಡಿಕೊಂಡೇ ಹೇಳಿದಳು. "ಹನ್ನೆರಡು ನೋಡಿದ್ದಾರೆ. ಒಂದರಲ್ಲೂ ಇಲ್ಲ. ಈ ಮೂರೂ ಸೇರಿಸಿ ಹಂತ ಹೇಳ್ತಾರೆ."

"ಅಲ್ಲ ಕಣೇ, ಈ ಹಂತ ಡಾಕ್ಟರು ಕೊಡೋದಾ? ಅವರು ಮನಸ್ಸು ಮಾಡಿದ್ರೆ ಒಂದು ಕಡಿಮೆ ಮಾಡಬಹುದಿತ್ತಾ?" ಎಂದು ಅಕ್ಕ ನಕ್ಕಳು. ನಕ್ಕರೆ ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತದೆಂದು ದಿಂಬನ್ನು ಅವುಚಿಕೊಂಡಳು.

"ಅದು ಬಡ್ತಿ ಅಲ್ಲಕ್ಕ ಕೊಡೋಕೆ. ಒಳಗೆ ಇರೋದನ್ನ ಓದಿ ಹೇಳೋದು ಅಷ್ಟೇ. ಓದದಿದ್ರೂ ಒಳಗೆ ಇರೋದು ಇದ್ದೇ ಇರುತ್ತೆ." ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕೇಳಿಸಿ ಬೆರಳಮ್ಮ ಹಾಳೆಯನ್ನು ಅಕ್ಕನಿಗೆ ಮರಳಿಸಿದಳು.

"ಗಂಟು ಹುಡುಕಿದ್ದು ಯಾರು? ನೀನೇನಾ?"

"ಹೂಂ."

ಅಕ್ಕ ಹಾಳೆಯನ್ನು ಮಡಚಿ ಭಾವನ ಕೈಗೆ ಕೊಟ್ಟಳು. "ಹಾಗಾದ್ರೆ ಒಳಗಿಡಿ ಇದನ್ನ. ಇವಳು ನೋಡಿದ ಮೇಲೆ ಇನ್ನೇನು ಉಳಿದಿರುತ್ತೆ. ನನ್ನ ತಂಗಿ ಕೈ ಅದು."

ಬೆರಳಮ್ಮ ಆವತ್ತು ಕಾಫಿ ಕುಡಿಯದೆ ಎದ್ದುಬಂದಳು. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದಳು. ಐದು ದಿನದಿಂದ ಸರಿಯಾಗಿ ನಿದ್ದೆಯಿರಲಿಲ್ಲ, ಆದರೆ ಅದುವರೆಗೆ ಏನೋ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಅಕ್ಕನಿಗೆ ಬೇಕಾದದ್ದು ಸಿಕ್ಕಿದೆ, ತನಗೂ ಅದೇ ಬೇಕಿತ್ತು, ಕಟ್ಟಳೆಯ ಹನ್ನೆರಡೂ ಆಗಿದೆ. ಈಗ ಆ ಸಮಾಧಾನ ಕೈಗೆ ಸಿಗುತ್ತಿರಲಿಲ್ಲ. ಡಬ್ಬಿ ನಾಲ್ಕು ವಾರ ಕಪಾಟಿನಲ್ಲಿರುತ್ತದೆ, ಆಮೇಲೆ ಸುಡಲು ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ, ಎಂದೆಂದಿಗೂ, ಏನೂ ತಿಳಿಯುವುದಿಲ್ಲ. ಅಕ್ಕನ ಒಳಗೆ ಏನಾದರೂ ಉಳಿದಿದ್ದರೆ ಅದಕ್ಕೆ ಮಾತ್ರ ತಿಳಿದಿರುತ್ತದೆ. ಹದಿನೆಂಟು ಕೋಟು ಮುಗಿಯುವ ತನಕ ಅದು ಸುಮ್ಮನಿರಬಹುದು, ಇರದೆಯೂ ಇರಬಹುದು. ಅಕ್ಕ ಇಲ್ಲದ ಅಂಗಡಿಯನ್ನು ನೆನೆಯುತ್ತ ಆಕೆ ಇಳಿಯಬೇಕಾದ ಕಡೆ ಇಳಿಯುವುದನ್ನೇ ಮರೆತಳು.

ಸೋಮವಾರ ಬೆಳಗ್ಗೆ ಡಾಕ್ಟರು ಬ್ಯಾಗು ಇಡುವುದಕ್ಕೆ ಮುಂಚೆಯೇ ಆಕೆ ಎದುರಿಗೆ ನಿಂತಳು.

"ಡಾಕ್ಟ್ರೇ, ಹೋದ ಮಂಗಳವಾರದ ಕರುಳಿನ ಡಬ್ಬಿ ಮತ್ತೆ ತೆಗೀಬೇಕು. ಕೊಬ್ಬು ಉಳಿದಿದೆ."

"ನೀವು ಕೊಬ್ಬು ಉಳಿಸಿದ್ರಾ?" ಡಾಕ್ಟರು ಇನ್ನೂ ನಗುತ್ತಿದ್ದರು. "ಯಾಕೆ ಬೆರಳಮ್ಮ, ಮೈ ಸರಿ ಇರ್ಲಿಲ್ವಾ?"

"ಅದು ನಮ್ಮಕ್ಕಂದು."

ಡಾಕ್ಟರ ನಗು ನಿಂತಿತು. ಬೆರಳಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದಾರ ಕಟ್ಟಿದ ಕಡೆ ಗಟ್ಟಿಯಾಗಿ ತಗುಲಿದ್ದು, ಕೈ ತೆಗೆದದ್ದು, ಹನ್ನೆರಡು ಎಂದು ಬರೆದದ್ದು. ಡಾಕ್ಟರು ಬ್ಯಾಗನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಕೇಳಿ ಮುಗಿದ ಮೇಲೆ ಕುರ್ಚಿಯಲ್ಲಿ ಕೂತು ಹಣೆ ತಿಕ್ಕಿಕೊಂಡರು.

"ನನಗೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಾನೇ ಕೂತು ಹುಡುಕ್ತಿದ್ದೆ."

"ನೀವು ಹನ್ನೆರಡಕ್ಕೆ ಎದ್ದುಬಿಡ್ತೀರ ಅಂದ್ಕೊಂಡೆ," ಎಂದು ಬೆರಳಮ್ಮ ಹೇಳಿದಳು. ಹೇಳಿ ನಾಚಿಕೆಯಿಂದ ಕುಗ್ಗಿಹೋದಳು.

"ಇದನ್ನ ನಾನು ಬರೀಲೇಬೇಕು. ಮೇಲಿನವರು ಕೇಳ್ತಾರೆ."

"ಬರೀರಿ."

ಆಮೇಲೆ ಡಾಕ್ಟರು ಆಕೆಯನ್ನು ಬಾಗಿಲಾಚೆ ಬೆಂಚಿನ ಮೇಲೆ ಕೂರಿಸಿ, ಗ್ಲೌಸ್ ಹಾಕಿಕೊಂಡು ತಾವೇ ಮೇಜಿಗೆ ಕೂತರು. ಬೆರಳಮ್ಮ ಗಾಜಿನ ಬಾಗಿಲಿನಿಂದ ಅವರ ಬೆನ್ನನ್ನು ನೋಡುತ್ತ ಕೂತಳು. ಮುಕ್ಕಾಲು ಗಂಟೆಯಾಯಿತು. ಡಾಕ್ಟರು ತಲೆ ಹೊರಗೆ ಹಾಕಿ, "ಆರು ಸಿಕ್ತು. ಎಲ್ಲಾ ಮೆದು. ನೀವು ಹೇಳಿದ್ದು ಸಿಗ್ತಿಲ್ಲ" ಎಂದರು.

"ದಾರದಿಂದ ಎರಡು ಬೆರಳು ಕೆಳಗೆ. ರಕ್ತನಾಳದ ಹಿಂಭಾಗ. ಎದುರಿಂದ ಒತ್ತಿದ್ರೆ ಸಿಗಲ್ಲ, ಅಡಿಯಿಂದ ಒತ್ತಬೇಕು."

ಆರು ದಿನವಾದರೂ ಜಾಗ ಆಕೆಗೆ ಅಂಗುಲ ಅಂಗುಲ ನೆನಪಿತ್ತು. ಡಾಕ್ಟರು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಬೆನ್ನು ಅಲುಗದೆ ನಿಂತಿತು. ಚಿಮುಟದಲ್ಲಿ ಏನನ್ನೋ ಎತ್ತಿ ಡಬ್ಬಿಗೆ ಹಾಕಿದ್ದು ಕಂಡಿತು. ಅಲ್ಲಿಗೆ ಒಟ್ಟು ಹತ್ತೊಂಬತ್ತಾಯಿತು.

ಗಂಟುಗಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ತರಲು ಒಂದು ದಿನ ಬೇಕು. ಮಂಗಳವಾರ ಮಧ್ಯಾಹ್ನ ಡಾಕ್ಟರು ಕರೆದರು. ಸೂಕ್ಷ್ಮದರ್ಶಕಕ್ಕೆ ಎದುರುಬದುರು ಇಬ್ಬರು ಕೂತು ನೋಡುವಂತೆ ಎರಡು ಕಡೆ ಕಣ್ಣಿಡುವ ಗಾಜು ಇತ್ತು. ನೋಡ್ತೀರಾ ಎಂದು ಡಾಕ್ಟರು ಕೇಳಲಿಲ್ಲ, ಕುರ್ಚಿ ಎಳೆದುಕೊಟ್ಟರು. ಬೆರಳಮ್ಮ ಡಾಕ್ಟರ್ ಓದಿದವಳಲ್ಲ, ಆದರೆ ಮೂವತ್ತೊಂದು ವರ್ಷ ಅದೇ ಕೋಣೆಯಲ್ಲಿದ್ದವಳು. ಒಳ್ಳೆಯ ಗಂಟೆಂದರೆ ನೇರಳೆ ಬಣ್ಣದ ಸಣ್ಣ ಚುಕ್ಕಿಗಳು ಒಂದೇ ಸಮನಾಗಿ ತುಂಬಿರಬೇಕು. ಇಲ್ಲಿ ನಡುವೆ ಬೇರೆ ಯಾರೋ ಬಂದು ಮನೆ ಮಾಡಿದ್ದರು.

"ಇದು ಒಂದು. ಇನ್ನೊಂದು ಮೆದುವಾಗಿದ್ದ ಗಂಟಲ್ಲಿ, ಅಂಚಲ್ಲಿ ಸ್ವಲ್ಪ," ಎಂದರು ಡಾಕ್ಟರು. "ಹತ್ತೊಂಬತ್ತರಲ್ಲಿ ಎರಡು. ಮೂರನೇ ಹಂತ. ಹೊಸ ವರದಿ ಕಳಿಸ್ತೀನಿ. ಸರ್ಜನ್ ಅವರೇ ಮನೆಯವರಿಗೆ ಹೇಳ್ತಾರೆ."

"ಹಂತ ಅವರು ಹೇಳ್ಲಿ. ಉಳಿದಿದ್ದು ನಾನು ಹೇಳ್ಬೇಕು," ಎಂದು ಬೆರಳಮ್ಮ ಎದ್ದಳು.

ಸಂಜೆ ಹೋದಾಗ ಸರ್ಜನ್‌ರ ಫೋನು ಬಂದು ಹೋಗಿತ್ತು. ಭಾವ ಇಸ್ತ್ರಿ ಆರಿಸಿ ಬಾಗಿಲಲ್ಲಿ ಕೂತಿದ್ದರು. ಅಕ್ಕ ಮೇಜಿನ ಮೇಲೆ ಕಡುನೀಲಿ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಬೆರಳಮ್ಮ ನಿಂತಲ್ಲೇ ಎಲ್ಲ ಹೇಳಿದಳು. ಅಕ್ಕ ಗುರುತು ಹಾಕುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ಭಾನುವಾರ ನೀನು ಇಲ್ಲಿ ಕೂತು ಆ ಹಾಳೆ ಓದಿ ಹೇಳುವಾಗ ನಿನಗೆ ಗೊತ್ತಿತ್ತು."

"ಅನುಮಾನ ಇತ್ತಕ್ಕ."

"ನನಗೆ ಅಂತ ಬಿಟ್ಟೆಯಾ, ನಿನಗೆ ಅಂತ ಬಿಟ್ಟೆಯಾ?"

ಬೆರಳಮ್ಮ ಯೋಚಿಸಿದಳು. ಎರಡು ದಿನದಿಂದ ಸುಳ್ಳು ಹೇಳುವ ಶಕ್ತಿಯೇ ಹೋಗಿತ್ತು. "ನನಗೆ. ನನ್ನ ಕೈಯಿಂದ ಅದು ಸಿಗೋದು ನನಗೆ ಬೇಡವಾಗಿತ್ತು. ಭಯ ಆಯ್ತು."

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. "ನನಗೆ ಕೋಪ ಬಂದಿದೆ. ತುಂಬಾ ಬಂದಿದೆ. ಭಾನುವಾರದ ತನಕ ನಿನ್ನ ಜೊತೆ ಮಾತಾಡಲ್ಲ. ಸೋಮವಾರ ಹತ್ತು ಗಂಟೆಗೆ ಔಷಧಿ ಡಾಕ್ಟರ ಹತ್ರ ಹೋಗ್ಬೇಕು, ಅದಕ್ಕೆ ನೀನೇ ಬರ್ಬೇಕು. ಈಗ ಹೋಗು."

ಅಕ್ಕ ನುಡಿದಂತೆ ನಡೆದಳು. ಬೆರಳಮ್ಮ ದಿನಾ ಸಂಜೆ ಹೋಗಿ ಪಾತ್ರೆ ತೊಳೆದು, ಅಡುಗೆ ಮಾಡಿಟ್ಟು ಬರುತ್ತಿದ್ದಳು. ಎರಡು ಗಜ ದೂರದಲ್ಲಿ ಕೂತ ಅಕ್ಕ, "ನಿಮ್ಮ ನಾದಿನಿಗೆ ಹೇಳಿ, ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ" ಎಂದು ಗಂಡನಿಗೆ ಹೇಳುವಳು. ಭಾವ ಆ ಮಾತನ್ನು ಚಾಚೂ ತಪ್ಪದೆ ಈ ಕಡೆ ದಾಟಿಸುವರು. ಲ್ಯಾಬಿನಲ್ಲೂ ಸುಖವಿರಲಿಲ್ಲ. ಮೇಲಿನವರು ಕರೆಸಿ, ತನಿಖೆ ಮುಗಿಯುವ ತನಕ ಮೇಜಿಗೆ ಕೂರಬಾರದೆಂದರು. ಆಕೆ ಮರುಮಾತಿಲ್ಲದೆ ಒಪ್ಪಿಕೊಂಡು, ಬಹಳ ವರ್ಷದ ಮೇಲೆ ಸೀಸೆ ತೊಳೆದಳು. ವಿಚಿತ್ರವೆಂದರೆ ಆ ವಾರ ಆಕೆಗೆ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಔಷಧಿಯ ಡಾಕ್ಟರು ಮೂರನೆಯ ಹಂತವೆಂದರೆ ಕೊನೆಯ ಹಂತವಲ್ಲ, ಇದನ್ನು ಪೂರ್ತಿ ಗುಣ ಮಾಡುವ ಉದ್ದೇಶದಿಂದಲೇ ಔಷಧಿ ಕೊಡುವುದು, ತಡವಾಗಿ ತಿಳಿದಿದ್ದರೆ ಮಾತು ಬೇರೆಯಿತ್ತು ಎಂದು ವಿವರಿಸಿದರು. ಅಕ್ಕ ಕೇಳಿದ್ದು ಒಂದೇ: "ಬೆರಳು ಯಾವಾಗಿಂದ ಹೋಗುತ್ತೆ?" ಹೋಗದೆಯೂ ಇರಬಹುದು, ಹೋದರೆ ಮೆಲ್ಲಮೆಲ್ಲಗೆ, ಜಾಸ್ತಿಯಾದರೆ ಔಷಧಿ ಕಡಿಮೆ ಮಾಡುತ್ತೇವೆ ಎಂದರು. ಅಕ್ಕ ವಾದ್ಯದವರಿಗೆ ಹೇಳಿ ಕಳಿಸಿ, ಆರು ಕೋಟು ಮಾತ್ರ ಉಳಿಸಿಕೊಂಡಳು.

ಮೂರು ವಾರದ ಮೇಲೆ, ಹೊಟ್ಟೆಯ ಗಾಯ ಮಾಗಿದ ನಂತರ, ಕೀಮೋದ ಮೊದಲ ಬಾಟಲಿಯ ದಿನ ಬಂತು. ಉದ್ದ ಕೋಣೆ, ಸಾಲಾಗಿ ಒರಗುಕುರ್ಚಿಗಳು, ಕಿಟಕಿಯಲ್ಲಿ ಬೆಳಗಿನ ಬಿಸಿಲು. ನರ್ಸು ಎಡಗೈಗೆ ಸೂಜಿ ಚುಚ್ಚಿ ಅಂಟುಪಟ್ಟಿ ಹಚ್ಚಿ ಹೋದಳು. ಹನಿ ಇನ್ನೂ ಶುರುವಾಗಿರಲಿಲ್ಲ. ಬೆರಳಮ್ಮ ಪಕ್ಕದ ಸ್ಟೂಲಿನಲ್ಲಿ ಕೈ ಮಡಚಿಕೊಂಡು ಕೂತಿದ್ದಳು. ಮಾತು ಮತ್ತೆ ಶುರುವಾಗಿದ್ದರೂ ಅಕ್ಕನನ್ನು ಮುಟ್ಟುವ ಧೈರ್ಯ ಆಕೆಗೆ ಇನ್ನೂ ಬಂದಿರಲಿಲ್ಲ.

ಅಕ್ಕ ಬಲಗೈ ಚಾಚಿದಳು.

"ಹಿಡ್ಕೋ."

ಬೆರಳಮ್ಮ ಮೆಲ್ಲಗೆ ಹಿಡಿದಳು.

"ಹಾಗಲ್ಲ, ಗಟ್ಟಿಯಾಗಿ ಹಿಡ್ಕೋ. ಈಗಿನ್ನೂ ನನಗೆ ಗೊತ್ತಾಗುತ್ತೆ."